ಯೂರಿನ್ ಕಲ್ಚರ್‌ಗೆ ಮೂತ್ರ ಕೊಡುವ ಸರಿಯಾದ ಕ್ರಮ

ಉರಿಮೂತ್ರಕ್ಕೆ ಡಾಕ್ಟರು ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಬರೆದುಕೊಟ್ಟರೆ, ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆಗೂ ಮುಂಚೆ ಸ್ಯಾಂಪಲ್ ಕೊಡಿ. ಮನೆಯಲ್ಲಿ ಉಳಿದಿದ್ದ ಹಳೇ ಮಾತ್ರೆ ನುಂಗಿ ಹೋದರೆ ಮೂತ್ರದಲ್ಲಿರುವ ಔಷಧಿಯೇ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಬಹುದು. ರಿಪೋರ್ಟಿನಲ್ಲಿ 'ನೋ ಗ್ರೋತ್' ಎಂದು ಬರುತ್ತದೆ, ಸೋಂಕು ಹಾಗೇ ಉಳಿದಿರುತ್ತದೆ. ಈಗಾಗಲೇ ನುಂಗಿದ್ದರೆ ಆ ಮಾತ್ರೆಯ ಹೆಸರನ್ನು ಲ್ಯಾಬಿನವರಿಗೆ ಹೇಳಿ ಬರೆಸಿ.

ಸ್ಯಾಂಪಲ್ ಕೆಡುವುದು ಹೇಗೆಂದು ತಿಳಿಯಲು ಬ್ಯಾಕ್ಟೀರಿಯಾ ಬರುವ ದಾರಿ ಗೊತ್ತಿರಬೇಕು. ಆರೋಗ್ಯವಂತ ಹೆಂಗಸರಿಗೆ ಬರುವ ಮೂತ್ರಕೋಶದ ಸೋಂಕಿನಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾರಣ. ಇದರ ಮನೆ ನಮ್ಮದೇ ಕರುಳು. ಗುದದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ ಬಂದು, ಅಲ್ಲಿಂದ ಮೇಲೇರುತ್ತದೆ. ಮೂತ್ರ ಹೊರಬರುವ ನಾಳ ಹೆಂಗಸರಲ್ಲಿ ಸುಮಾರು 4 ಸೆಂ.ಮೀ., ಗಂಡಸರಲ್ಲಿ ಸುಮಾರು 20 ಸೆಂ.ಮೀ. ಬ್ಯಾಕ್ಟೀರಿಯಾದ ಮೈಮೇಲೆ ಫಿಂಬ್ರಿಯಾ ಎಂಬ ಸಣ್ಣ ಎಳೆಗಳಿರುತ್ತವೆ. ಅವುಗಳ ತುದಿಯ ಪ್ರೋಟೀನು ಮೂತ್ರಕೋಶದ ಒಳಪೊರೆಯ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆ ಅಂಶಕ್ಕೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೂತ್ರ ಎಷ್ಟು ರಭಸದಿಂದ ಹರಿದರೂ ಎಲ್ಲವೂ ಕೊಚ್ಚಿಹೋಗುವುದಿಲ್ಲ. ಕೆಲವು ಜೀವಕೋಶದೊಳಗೇ ನುಗ್ಗಿ ಗುಂಪುಗಟ್ಟುತ್ತವೆ. ಸೋಂಕು ಮರುಕಳಿಸಲು ಇದೂ ಒಂದು ಕಾರಣ. ಅವುಗಳನ್ನು ಎದುರಿಸಲು ಬರುವ ಬಿಳಿರಕ್ತಕಣಗಳನ್ನೇ ರಿಪೋರ್ಟಿನಲ್ಲಿ ಪಸ್ ಸೆಲ್ಸ್ ಎನ್ನುವುದು.

ಹೊರಚರ್ಮದ ಮೇಲೂ ಇದೇ ಇ. ಕೋಲಿ ಇರುತ್ತದೆ. ಡಬ್ಬಿಗೆ ಬಿದ್ದದ್ದು ಚರ್ಮದ್ದೋ ಮೂತ್ರಕೋಶದ್ದೋ ಲ್ಯಾಬಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಈ ಕ್ರಮ:

ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಆಗದಿದ್ದರೆ, ತಡೆಯಲು ಸಾಧ್ಯವಾದರೆ, 4 ಗಂಟೆಯಷ್ಟು ಮೂತ್ರಕೋಶದಲ್ಲಿ ನಿಂತ ಮೂತ್ರ ಕೊಡಿ. ಎಣಿಕೆಗೆ ಸಿಗುವಷ್ಟು ಬೆಳೆಯಲು ಬ್ಯಾಕ್ಟೀರಿಯಾಗೆ ಅಷ್ಟು ಹೊತ್ತು ಬೇಕು. ಬಾರ್ಲಿ ನೀರು, ಎಳನೀರನ್ನು ಸ್ಯಾಂಪಲ್ ಕೊಟ್ಟ ಮೇಲೆ ಕುಡಿಯಿರಿ. ಮೊದಲೇ ಕುಡಿದರೆ ಮೂತ್ರ ತೆಳುವಾಗಿ ಎಣಿಕೆ ಕಡಿಮೆ ಬರುತ್ತದೆ.

ಸೋಪಿನಿಂದ ಕೈ ತೊಳೆಯಿರಿ. ಹೆಂಗಸರು ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ನೀರಲ್ಲಿ ಅದ್ದಿದ ಶುದ್ಧ ಗಾಜ್ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಬೇಕು. ಗಂಡಸರು ಮುಂದೊಗಲು ಹಿಂದಕ್ಕೆ ಸರಿಸಿ ತೊಳೆಯಬೇಕು. ಡೆಟಾಲ್ ಬೇಡ, ಅದರ ಹನಿ ಸ್ಯಾಂಪಲ್ಲಿಗೆ ಸೇರಿದರೆ ಬ್ಯಾಕ್ಟೀರಿಯಾ ಸಾಯಬಹುದು. ಮೊದಲ ಧಾರೆ ಟಾಯ್ಲೆಟ್ಟಿಗೆ ಹೋಗಲಿ, ನಾಳದ ತುದಿಯಲ್ಲಿದ್ದದ್ದು ಅದರೊಂದಿಗೇ ಹೋಗುತ್ತದೆ. ಧಾರೆ ನಿಲ್ಲಿಸದೆ ಡಬ್ಬಿ ಒಡ್ಡಿ 20ರಿಂದ 30 ಮಿ.ಲೀ. ಹಿಡಿದು ತೆಗೆಯಿರಿ. ಉಳಿದದ್ದು ಮತ್ತೆ ಟಾಯ್ಲೆಟ್ಟಿಗೆ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ಕ್ಯಾಥೆಟರ್ ಇದ್ದವರಿಗೆ ಚೀಲದಲ್ಲಿ ನಿಂತ ಮೂತ್ರ ನಡೆಯುವುದಿಲ್ಲ, ನರ್ಸ್ ಟ್ಯೂಬಿನ ಪೋರ್ಟಿನಿಂದಲೇ ತೆಗೆಯಬೇಕು.

ಹೆಚ್ಚಿನವರು ಎಡವುವುದು ಆಮೇಲೆ. ಅನುಕೂಲ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಹಿಡಿದ ಡಬ್ಬಿಯನ್ನು ಮಧ್ಯಾಹ್ನದವರೆಗೆ ಬ್ಯಾಗಿನಲ್ಲಿಟ್ಟರೆ ಇಲ್ಲದ ಸೋಂಕೂ ಕಾಣಿಸಿಕೊಳ್ಳಬಹುದು. 2 ಗಂಟೆಯೊಳಗೆ ಲ್ಯಾಬ್ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, 24 ಗಂಟೆ ಮೀರಬಾರದು. ಫ್ರೀಜರ್ ಬೇಡ. ಊರು ದೂರವಿದ್ದರೆ ಬೋರಿಕ್ ಆ್ಯಸಿಡ್ ಹಾಕಿದ ಡಬ್ಬಿ ಸಿಗುತ್ತದೆಯೇ ಕೇಳಿ. ಅದನ್ನು ಗೆರೆಯವರೆಗೆ ತುಂಬಲೇಬೇಕು.

ಲ್ಯಾಬಿನಲ್ಲಿ ಸಾಮಾನ್ಯವಾಗಿ 1 ಮೈಕ್ರೋಲೀಟರ್ ಹಿಡಿಯುವ ಲೂಪಿನಿಂದ ಮೂತ್ರವನ್ನು ಪ್ಲೇಟಿಗೆ ಎಳೆದು, ಸುಮಾರು 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುತ್ತಾರೆ. ಪ್ಲೇಟಿನಲ್ಲಿ ಬೆಳೆದು ಕಾಣುವ ಒಂದು ಕಾಲೊನಿ (ಬ್ಯಾಕ್ಟೀರಿಯಾದ ಚುಕ್ಕೆ) ಎಂದರೆ ಮಿ.ಲೀ.ಗೆ 1,000 ಬ್ಯಾಕ್ಟೀರಿಯಾ ಲೆಕ್ಕ, 100 ಕಾಲೊನಿಗೆ 1 ಲಕ್ಷ. ಯಾವ ಔಷಧಿಗೆ ಬಗ್ಗುತ್ತದೆಂದು ನೋಡಲು ಇನ್ನೊಂದು ದಿನ ಬೇಕು.

1 ಲಕ್ಷ ಅಥವಾ ಹೆಚ್ಚು, ಅದೂ ಒಂದೇ ಜಾತಿ ಬೆಳೆದಿದ್ದರೆ, ಅದು ಮೂತ್ರಕೋಶದ್ದೇ ಎನ್ನುವುದರಲ್ಲಿ ಸಂಶಯ ಕಡಿಮೆ. ಲಕ್ಷಣಗಳಿದ್ದಾಗ ಅದಕ್ಕಿಂತ ಕಡಿಮೆ ಎಣಿಕೆಗೂ ಅರ್ಥವಿದೆ. ಮೂರು ಜಾತಿ ಬೆಳೆದಿದ್ದರೆ ಬಹುತೇಕ ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕೊಡಿ. ಪ್ರೋಟಿಯಸ್ ಎಂಬ ಹೆಸರು ಪದೇ ಪದೇ ಬಂದರೆ ಕಿಡ್ನಿ ಕಲ್ಲಿನ ಬಗ್ಗೆ ಡಾಕ್ಟರನ್ನು ಕೇಳಿ: ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರೀಯವಾಗಿ ಕಲ್ಲು ಕಟ್ಟುತ್ತದೆ. ಯಾವ ತೊಂದರೆಯೂ ಇಲ್ಲದೆ ಬರೀ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಬೇಕು.

ಚಳಿ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನುನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ರಿಪೋರ್ಟಿಗೆ ಕಾಯದೆ, ಸ್ಯಾಂಪಲ್ ಕೊಟ್ಟು ಅಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುಮಾಡಿಸಿ.