ಗೋಡೆ ಒಣಗಲಿ, ಆಮೇಲೆ ಬಣ್ಣ: ಹಳೆಯ ಮನೆಯ ಪುಟ್ಟ ಕೋಣೆಗಳನ್ನು ಬೆಚ್ಚಗಾಗಿಸುವ ಬಗೆ

ಹಳೆಯ ಮನೆಯ ದುರಸ್ತಿ ಎಂದರೆ ಹೆಚ್ಚಿನವರ ಮನಸ್ಸು ಮೊದಲು ಓಡುವುದು ಬಣ್ಣದ ಕಡೆಗೆ. ನಾನೂ ಹಾಗೇ ಶುರು ಮಾಡಿದ್ದೆ. ಮಲಗುವ ಕೋಣೆಯ ಗೋಡೆ ಕೆರೆಸಿ, ಪುಟ್ಟಿ ಹಚ್ಚಿಸಿ, ಎರಡು ಕೋಟ್ ಬಣ್ಣ ಬಳಿಸಿದ ಮೂರೇ ತಿಂಗಳಿಗೆ ನೆಲದಿಂದ ಮೊಣಕಾಲೆತ್ತರದವರೆಗೂ ಬಣ್ಣ ಹಕ್ಕಳೆ ಎದ್ದಿತು. ಬೆರಳಿಟ್ಟರೆ ಒಳಗಿನಿಂದ ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ಗೋಡೆಯೊಳಗೆ ನೀರಿತ್ತು, ಅದು ಹೊರಬರುವ ದಾರಿಯನ್ನು ನಾನು ಮುಚ್ಚಿದ್ದೆ. ಆ ಕೋಣೆಯನ್ನು ಎರಡನೇ ಸಲ ಮಾಡಿಸುವಾಗ ಹಿಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬಣ್ಣ ಬರುವುದು ಕೊನೆಗೆ.

ಮೊದಲು ನೀರಿನ ದಾರಿ ಹುಡುಕಿ

ಜೋರಾಗಿ ಮಳೆ ಬರುವ ದಿನ ಒಂದು ಪುಸ್ತಕ, ಪೆನ್ಸಿಲು, ಟಾರ್ಚು ಹಿಡಿದು ಮನೆಯನ್ನು ಒಳಗೂ ಹೊರಗೂ ಸುತ್ತಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಮಾಡಿನಂಚಿನ ನೀರಿನ ದೋಣಿ ಎಲ್ಲಿ ತುಂಬಿ ಚೆಲ್ಲುತ್ತದೆ, ಪೈಪಿನ ಯಾವ ಜೋಡಣೆಯಿಂದ ಗೋಡೆಗೆ ಹನಿಯುತ್ತದೆ ಎಂಬುದೆಲ್ಲ ಬಿಸಿಲಿನ ದಿನ ಕಾಣುವುದಿಲ್ಲ. ಹೊರಗಿನ ನೆಲವನ್ನು ಮರೆಯದೆ ನೋಡಿ. ವರ್ಷವರ್ಷವೂ ಮಣ್ಣು ಬಿದ್ದು, ಮೇಲೆ ಕಲ್ಲು ಹಾಸಿ, ಅಂಗಳದ ಮಟ್ಟ ಮನೆಯೊಳಗಿನ ನೆಲಕ್ಕಿಂತ ಮೇಲೆ ಬಂದಿರುವ ಮನೆಗಳು ಬಹಳ. ಅಂಥ ಕಡೆ ಗೋಡೆಗೆ ತಾಗಿದ ಮಣ್ಣನ್ನು ಕೆರೆದು ತೆಗೆದು, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಇದಕ್ಕೆ ಬೇಕಾದದ್ದು ಗುದ್ದಲಿ ಮತ್ತು ಎರಡು ದಿನದ ದುಡಿಮೆ.

ತೇವದಲ್ಲಿ ಮೂರು ಬಗೆ. ಪಾಯದಿಂದ ಮೇಲಕ್ಕೆ ಹೀರಿಕೊಂಡು ಬರುವುದು ಸಾಮಾನ್ಯವಾಗಿ ನೆಲದಿಂದ ಮೂರು ಅಡಿಯೊಳಗೆ ಅಲೆಯಂಥ ಗೆರೆ ಮೂಡಿಸಿ ನಿಲ್ಲುತ್ತದೆ. ಹೊರಗಿನಿಂದ ಅಥವಾ ಪೈಪಿನಿಂದ ಸೋರುವುದು ಒಂದೇ ಕಡೆ ಕಲೆಯಾಗಿ ಕೂರುತ್ತದೆ. ಮೂರನೆಯದು ಮನೆಯೊಳಗಿನ ಉಸಿರು, ಅಡುಗೆ, ಸ್ನಾನದ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು. ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಬೂಷ್ಟು ಕಂಡರೆ ಹೆಚ್ಚಾಗಿ ಇದೇ ಕಾರಣ.

ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದೂವರೆ ಅಡಿ ಚೌಕದ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಫಾಯಿಲಿನ ಮೇಲ್ಗಡೆ, ಅಂದರೆ ಕೋಣೆಯ ಕಡೆ ಹನಿ ಕೂತಿದ್ದರೆ ಅದು ಆವಿ. ಬೇಕಾದದ್ದು ಕಿಟಕಿ ತೆರೆಯುವುದು, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನು, ಬೀರುವನ್ನು ಗೋಡೆಯಿಂದ ಎರಡು ಇಂಚು ಈಚೆ ಎಳೆಯುವುದು. ಫಾಯಿಲಿನ ಹಿಂದೆ ಒದ್ದೆಯಿದ್ದರೆ ನೀರು ಗೋಡೆಯೊಳಗೇ ಇದೆ. ಆಗ ಅದರ ಮೂಲ ಸಿಗುವ ತನಕ ಬಣ್ಣದ ಡಬ್ಬಿ ತೆರೆಯಬೇಡಿ.

ಬಿರುಕು ಮತ್ತು ಮರ

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಒಂದು ಮಿಲಿಮೀಟರಿಗಿಂತ ಸಣ್ಣ ಕೂದಲೆಳೆಯ ಗೆರೆಗಳು ಹೆಚ್ಚಾಗಿ ಗಾರೆ ಒಣಗಿದಾಗ ಬಂದವು. ಐದು ಮಿಲಿಮೀಟರ್ ದಾಟಿದ್ದರೆ, ಕಿಟಕಿ ಬಾಗಿಲಿನ ಮೂಲೆಯಿಂದ ಮೆಟ್ಟಿಲಿನ ಹಾಗೆ ಓರೆಯಾಗಿ ಏರುತ್ತಿದ್ದರೆ, ಜೊತೆಗೆ ಬಾಗಿಲೂ ಹೊಸದಾಗಿ ಬಿಗಿಯುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ತೋರಿಸಲೇಬೇಕು. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಗಟ್ಟಿಯಾಗಿ ಅಂಟಿಸುವ ಹಳೆಯ ಉಪಾಯವೂ ಒಳ್ಳೆಯದೇ: ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡುವ ತಾಳ್ಮೆ ಇದ್ದರೆ ಉತ್ತಮ.

ತೊಲೆ, ಜಂತೆ, ಚೌಕಟ್ಟುಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಡಬ್ ಎಂದು ಟೊಳ್ಳು ಸದ್ದು ಬಂದರೆ ತುದಿಯಿಂದ ಚುಚ್ಚಿ ನೋಡಿ. ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ಬಿಡದೆ ಪರೀಕ್ಷಿಸಿ, ಕೊಳೆಯುವುದು ಮೊದಲು ಅಲ್ಲಿ. ಸಣ್ಣ ತೂತಿನ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ತುದಿ ಮಾತ್ರ ಹಾಳಾಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯುವ ಬಡಗಿಗಳಿದ್ದಾರೆ. ಇಡೀ ತೊಲೆ ಎಸೆಯುವ ಮೊದಲು ಅಂಥವರನ್ನು ಕೇಳಿ.

ಸುಣ್ಣದ ಗೋಡೆಗೆ ಸುಣ್ಣವೇ

ನನ್ನ ಗೋಡೆ ಕಲಿಸಿದ ದೊಡ್ಡ ಪಾಠ ಇದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಮನೆಮನೆಗೂ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಅದಕ್ಕೂ ಮುಂಚಿನ ಕ್ರಮದಲ್ಲಿ ಮಣ್ಣು, ಸುಣ್ಣ, ಇಟ್ಟಿಗೆ, ಕಲ್ಲಿನಿಂದ ಕಟ್ಟಿದ ಗೋಡೆಗಳು ಮಳೆಗಾಲದಲ್ಲಿ ಒಂದಿಷ್ಟು ತೇವ ಕುಡಿದು, ಬಿಸಿಲಿಗೆ ಅದನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಅದರ ಮೇಲೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬಳಿದರೆ ನೀರು ಒಳಗೇ ಉಳಿದು, ಇಟ್ಟಿಗೆಯ ಉಪ್ಪನ್ನು ಕರಗಿಸಿಕೊಂಡು, ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಗಾರೆಯನ್ನೇ ತಳ್ಳಿಕೊಂಡು ಹೊರಬರುತ್ತದೆ. ಬಿಳಿ ಪುಡಿಯ ಗುಟ್ಟು ಇಷ್ಟೇ.

ಆದ್ದರಿಂದ ಉದುರುವ ಗಿಲಾವನ್ನು ಗಟ್ಟಿ ಇಟ್ಟಿಗೆ ಸಿಗುವ ತನಕ ಕೆರೆದು ತೆಗೆಸಿ. ಮೇಲಿನ ಉಪ್ಪನ್ನು ಒಣ ಬ್ರಷ್ಷಿನಿಂದಲೇ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗಿಳಿಯುತ್ತದೆ. ಆಮೇಲೆ ಗೋಡೆಯನ್ನು ಹಾಗೇ ಬರಿಮೈಯಲ್ಲಿ ಒಣಗಲು ಬಿಡಿ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಅಂದಾಜು ಲೆಕ್ಕ. ಒಂಬತ್ತು ಇಂಚಿನ ಗೋಡೆ ಪೂರ್ತಿ ನೆನೆದಿದ್ದರೆ ಮುಕ್ಕಾಲು ವರ್ಷ! ಅಷ್ಟು ದಿನ ಆ ಕೋಣೆ ಖಾಲಿ ಬಿಡಲಾಗದಿದ್ದರೆ ತೆಳ್ಳಗೆ ಸುಣ್ಣ ಬಳಿದು ಬಳಸುತ್ತಿರಿ, ಸುಣ್ಣದ ಪದರದ ಮೂಲಕವೂ ಗೋಡೆ ಒಣಗುತ್ತದೆ.

ಹೊಸ ಗಿಲಾವಿಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಚೂಪು ಕಣದ ಮರಳು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ, ಮೊದಲ ಪದರ ಬಿಗಿದ ಮೇಲೆ ಇನ್ನೊಂದು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ನಿಧಾನಕ್ಕೆ. ಬಿಸಿಲಿಗೆ ಬೇಗ ಒಣಗಿದರೆ ಬರೀ ಪುಡಿಯಾಗುತ್ತದೆ. ಹಾಗಾಗಿ ಒದ್ದೆ ಗೋಣಿಚೀಲ ಇಳಿಬಿಟ್ಟು ಕೆಲವು ದಿನ ನೆರಳಿನಲ್ಲಿ ಕಾಪಾಡಬೇಕು. ಕಲಸುವಾಗ ಕೈಗವಸು, ಕನ್ನಡಕ ಕಡ್ಡಾಯ: ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಇನ್ನೆರಡು ಎಚ್ಚರಿಕೆ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನಗಳಲ್ಲಿ ದೂರವಿಡಿ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟುಗಳನ್ನು ಒಡೆಯುವುದು, ಕೊರೆಯುವುದು ಬೇಡವೇ ಬೇಡ. ತೆಗೆಸಲೇಬೇಕಾದರೆ ಆ ಕೆಲಸ ತಿಳಿದವರಿಂದಲೇ ಆಗಲಿ.

ವೈರು, ಪೈಪು

ಹಳೆಯ ವೈರಿಂಗಿಗೆ ತೇಪೆ ಹಚ್ಚಬೇಡಿ. ಬಟ್ಟೆ ಸುತ್ತಿದ ವೈರು, ಅರ್ಥಿಂಗ್ ಇಲ್ಲದ ಪ್ಲಗ್ ಕಂಡರೆ ಹೊಸದಾಗಿಯೇ ಎಳೆಸಿ. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಇರಲಿ, ಕರೆಂಟು ಮೈಗೆ ತಾಗಿದರೆ ಕ್ಷಣದಲ್ಲಿ ಸಂಪರ್ಕ ಕಡಿಯುವುದು ಅದೇ. ತುಕ್ಕು ಹಿಡಿದ ಕಬ್ಬಿಣದ ಪೈಪುಗಳೂ ಈಗಲೇ ಹೋಗಲಿ. ಹೊಸ ಪೈಪುಗಳಿಗೆ ಗೋಡೆ ಮುಚ್ಚುವ ಮೊದಲೇ ಒತ್ತಡದ ಪರೀಕ್ಷೆ, ಬಚ್ಚಲಿನ ನೆಲಕ್ಕೆ ಟೈಲ್ಸ್ ಕೂರಿಸುವ ಮೊದಲು ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷೆ. ಗಿಲಾವು ಬೀಳುವ ಮುಂಚೆ ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಈಗ ಪುಟ್ಟ ಕೋಣೆಗಳು

ಹಳೆಯ ಮನೆ ಕೊಂಡವರು ಮೊದಲು ಕೇಳುವುದು, "ಈ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿದರೆ ಹೇಗೆ?" ಎಂದು. ನನ್ನ ಮಟ್ಟಿಗೆ ಉತ್ತರ: ಒಂದು ವರ್ಷ ಒಡೆಯಬೇಡಿ. ಆ ಗೋಡೆ ಮೇಲಿನ ತೊಲೆಗಳ ಭಾರ ಹೊತ್ತಿರಬಹುದು ಎನ್ನುವುದು ಒಂದು ಕಾರಣ, ಎಂಜಿನಿಯರನ್ನು ಕೇಳದೆ ಅದನ್ನು ಮುಟ್ಟುವಂತೆಯೇ ಇಲ್ಲ. ಇನ್ನೊಂದು ಕಾರಣ, ಸಣ್ಣ ಕೋಣೆಗೆ ಇರುವ ಆಪ್ತತೆ ದೊಡ್ಡ ಹಾಲಿಗೆ ಬರುವುದಿಲ್ಲ. ಬೆನ್ನಿಗೆ ಗೋಡೆ, ಪಕ್ಕಕ್ಕೆ ಬೆಳಕು, ಎದುರಿಗೆ ಬಾಗಿಲು ಕಾಣುವ ಜಾಗದಲ್ಲಿ ಕೂತರೆ ಮೈ ತಾನಾಗಿ ಸಡಿಲವಾಗುತ್ತದೆ. ಹಳೆಯ ಮನೆಯಲ್ಲಿ ಅಂಥ ಜಾಗ ಆಗಲೇ ಇರುತ್ತದೆ, ಹುಡುಕಬೇಕಷ್ಟೆ.

ಪೀಠೋಪಕರಣ ಕೊಳ್ಳುವ ಮೊದಲು ಅದರ ಅಳತೆಯನ್ನು ಮಾಸ್ಕಿಂಗ್ ಟೇಪಿನಲ್ಲಿ ನೆಲದ ಮೇಲೆ ಅಂಟಿಸಿ. ಮಂಚ, ಮೇಜು, ಬಾಗಿಲು ತೆರೆದಾಗ ಆಗುವ ಕಮಾನು, ಎಲ್ಲವನ್ನೂ. ಎರಡು ದಿನ ಆ ಗೆರೆಗಳ ನಡುವೆಯೇ ಓಡಾಡಿ. ಮುಖ್ಯ ದಾರಿಗೆ 30 ಇಂಚು ಬೇಕು, 24 ಇಂಚಾದರೆ ಮೈ ಓರೆ ಮಾಡಬೇಕಾಗುತ್ತದೆ. ಊಟದ ಮೇಜಿನ ಅಂಚಿನಿಂದ ಗೋಡೆಗೆ 30 ಇಂಚಿದ್ದರೆ ಕುರ್ಚಿ ಎಳೆಯಬಹುದು, ಹಿಂದೆ ಜನ ಹಾಯಬೇಕಾದರೆ 36. ಬಟ್ಟೆಯ ಬೀರುವಿಗೆ 24 ಇಂಚು ಆಳ ಬೇಕು, ಪುಸ್ತಕಕ್ಕೆ 10ರಿಂದ 12 ಸಾಕು. ಈ ಒಂದು ಅಡಿಯ ವ್ಯತ್ಯಾಸವೇ ಪುಟ್ಟ ಕೋಣೆಯಲ್ಲಿ ಬಾಗಿಲ ಹಿಂದಿನ ವ್ಯರ್ಥ ಜಾಗವನ್ನು ಗ್ರಂಥಾಲಯ ಮಾಡುತ್ತದೆ. ನನ್ನ ಟೇಪಿನ ಗೆರೆಗಳಲ್ಲಿ ಕೋಣೆಯ ಬಾಗಿಲು ತೆರೆದಾಗ ಮಂಚಕ್ಕೆ ತಾಗುತ್ತದೆ ಎಂದು ತಿಳಿದ ಮೇಲೆ ಆ ಬಾಗಿಲನ್ನು ಜಾರುಬಾಗಿಲು ಮಾಡಿಸಿದೆ.

ಹೆಜ್ಜೆ ಎಣಿಸಿ ಜಾಗ ಮಾಡುವುದು ಹೊಸದೇನಲ್ಲ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಸಣ್ಣ ಮನೆಗಳಿಗಾಗಿ ರೂಪಿಸಿದ ಅಡುಗೆಮನೆಯ ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ನೋಡಿ, ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಎಂದು ಲೆಕ್ಕಹಾಕಿ ಆಕೆ ಅದನ್ನು ಮಾಡಿದರು. ಹಿಟ್ಟಿನ ಡಬ್ಬಗಳಿಗೆ ಹುಳ ಬೀಳದಿರಲೆಂದು ಓಕ್ ಮರ ಬಳಸಿದರು, ದೀಪವನ್ನು ಚಾವಣಿಯ ಕಂಬಿಯ ಮೇಲೆ ಬೇಕಾದಲ್ಲಿಗೆ ಸರಿಸುವಂತೆ ಇಟ್ಟರು. ನಿಮ್ಮ ಅಡುಗೆಮನೆಯಲ್ಲೂ ಒಂದು ದಿನ ಎಣಿಸಿ ನೋಡಿ: ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ ಎಷ್ಟು ಸಲ ಹೋದಿರಿ? ಗೋಡೆ ಒಡೆಯುವ ಬದಲು ಫ್ರಿಜ್ಜನ್ನು ಮೂರಡಿ ಸರಿಸಿದರೆ ಸಾಕಾಗಬಹುದು.

ಕಿಟಕಿಯ ಪಕ್ಕದ ಕೂರುವ ಕಟ್ಟೆ

ಇಡೀ ಮನೆಯಲ್ಲಿ ಒಂದೇ ಒಂದು ಹೊಸದನ್ನು ಕಟ್ಟಿಸುವುದಿದ್ದರೆ ಇದನ್ನು ಕಟ್ಟಿಸಿ. ಹಳೆಯ ಗೋಡೆ ದಪ್ಪವಿರುವುದರಿಂದ ಕಿಟಕಿಯ ಒಳಗಡೆ ಆಗಲೇ ಅರ್ಧ ಅಡಿಯಿಂದ ಒಂದು ಅಡಿ ಆಳ ಸಿಕ್ಕಿರುತ್ತದೆ, ಬೇಕಾದ ಆಳಕ್ಕೆ ಉಳಿದಷ್ಟನ್ನು ಮುಂದೆ ಸೇರಿಸಿದರಾಯಿತು. ಗೋಡೆಯನ್ನು ಕೊರೆಯಬೇಕಿಲ್ಲ. ದಿಂಬು ಸೇರಿ ಎತ್ತರ 17–18 ಇಂಚು, ಆಳ 20–24 ಇಂಚು. ಕಾಲು ಚಾಚಿ ಓದುವ ಆಸೆಯಿದ್ದರೆ ಉದ್ದ ನಾಲ್ಕು ಅಡಿಗೆ ಕಡಿಮೆ ಬೇಡ. ಕೆಳಗೆ ಡ್ರಾಯರ್ ಇಡಿಸಿ. ಅದರ ಬದಲು ಮೇಲೆ ಎತ್ತುವ ಮುಚ್ಚಳ ಇಟ್ಟರೆ ಪ್ರತಿ ಸಲ ದಿಂಬು ತೆಗೆಯಬೇಕಾಗುತ್ತದೆ. ಹಲಗೆಯ ಹಿಂದೆ ಗೋಡೆಗೆ ಗಾಳಿಯಾಡುವಷ್ಟು ಸಂದು ಬಿಡಿ. ಕಟ್ಟೆಯ ಮೇಲೆ ಮಕ್ಕಳು ಹತ್ತುತ್ತಾರೆ, ಕಿಟಕಿಗೆ ಸರಳು ಗಟ್ಟಿಯಿರಲಿ.

ಬಣ್ಣದ ಸರದಿ ಈಗ. ತುಂಡು ರಟ್ಟಿಗೆ ಬಳಿದು, ಬೆಳಗ್ಗೆ ಒಮ್ಮೆ ರಾತ್ರಿ ಒಮ್ಮೆ ನೋಡಿ ಆರಿಸಿ. ಗೋಡೆಗೂ ಚಾವಣಿಗೂ ಒಂದೇ ಬಣ್ಣ ಹಚ್ಚಿದರೆ ಗೆರೆ ಮಾಯವಾಗಿ ಕೋಣೆ ಎತ್ತರವಾದಂತೆ ಕಾಣುತ್ತದೆ. ಚಾವಣಿಯ ನಡುವಿನ ಒಂದೇ ಬಿಳಿ ಟ್ಯೂಬ್‌ಲೈಟಿನ ಬದಲು 2700 ಕೆಲ್ವಿನ್‌ನ ಹಳದಿ ಛಾಯೆಯ ಮೂರು ಚಿಕ್ಕ ದೀಪಗಳು ಬೇರೆಬೇರೆ ಎತ್ತರದಲ್ಲಿರಲಿ.

ಕಟ್ಟೆಯ ಮೇಲಿನ ದೀಪಕ್ಕೆ ಮಾತ್ರ ಹಗಲಿನಲ್ಲಿ ಜಾಗ ಗೊತ್ತು ಮಾಡಬೇಡಿ. ಕತ್ತಲಾದ ಮೇಲೆ ದಿಂಬಿಗೆ ಒರಗಿ ಕೂತು, ಪುಸ್ತಕ ತೆರೆದು, ಮನೆಯಲ್ಲಿ ಯಾರಾದರೊಬ್ಬರ ಕೈಗೆ ದೀಪ ಕೊಟ್ಟು ಅತ್ತಿತ್ತ ಹಿಡಿಯಲು ಹೇಳಿ. ನಿಮ್ಮ ಕೈಯ ನೆರಳು ಪುಟದ ಮೇಲಿಂದ ಸರಿದುಹೋದ ಕಡೆ ಪೆನ್ಸಿಲಿನಲ್ಲಿ ಚುಕ್ಕಿ ಇಡಿ. ಬೆಳಗ್ಗೆ ವೈರಿನ ಫೋಟೊ ಒಮ್ಮೆ ನೋಡಿಕೊಂಡು ಅಲ್ಲಿಗೇ ಮೊಳೆ ಹೊಡೆಸಿ.