ಬೆಳಿಗ್ಗೆ ಕಾರು ತಡವಾಗಿ ಸ್ಟಾರ್ಟ್ ಆಗುತ್ತಾ? ಪಂಪ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಹಳೆಯ ಕಾರು ಬೆಳಿಗ್ಗೆ ತಕ್ಷಣ ಸ್ಟಾರ್ಟ್ ಆಗಲಿಲ್ಲ ಅಂದರೆ ಸಾಕು, ‘ಫ್ಯೂಯೆಲ್ ಪಂಪ್ ಹೋಗಿದೆ’ ಅನ್ನುವ ತೀರ್ಪು ಬಂದುಬಿಡುತ್ತದೆ. ಟ್ಯಾಂಕ್ ಇಳಿಸುತ್ತಾರೆ, ಹೊಸ ಪಂಪ್ ಕೂರಿಸುತ್ತಾರೆ, ಒಂದು ವಾರ ಕಾರು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ರಾಗ. ನನ್ನ ಸ್ನೇಹಿತರೊಬ್ಬರ ಕಾರಿಗೆ ಹೀಗೆ ಎರಡು ಪಂಪ್ ಬದಲಾದವು. ತೊಂದರೆ ಇದ್ದದ್ದು ಡಿಕ್ಕಿಯ ಕಾರ್ಪೆಟ್ ಕೆಳಗಿನ ಒಂದು ಸ್ಕ್ರೂನಲ್ಲಿ. ಅದರ ವಿಷಯ ಮುಂದೆ ಬರುತ್ತದೆ. ಇಲ್ಲಿ ಹೇಳುವುದು ಇಂಜೆಕ್ಷನ್ (ಪ್ರೆಶರಿನಲ್ಲಿ ಬಂದ ಪೆಟ್ರೋಲನ್ನು ಇಂಜೆಕ್ಟರ್ ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ) ಇರುವ ಹಳೆಯ ಪೆಟ್ರೋಲ್ ಕಾರುಗಳ ಬಗ್ಗೆ. ಕಾರ್ಬ್ಯುರೇಟರ್ ಕಾರಿನವರಿಗೆ ಕೊನೆಯಲ್ಲಿ ನಾಲ್ಕು ಮಾತು ಇದೆ.

ಮೊದಲು ಕಿವಿಗೆ ಕೆಲಸ ಕೊಡಿ

ಸೆಲ್ಫ್ ಹೊಡೆದಾಗ ಎಂಜಿನ್ ಹೇಗೆ ತಿರುಗುತ್ತದೆ ಕೇಳಿ. ಏದುಸಿರು ಬಿಡುತ್ತಾ ನಿಧಾನಕ್ಕೆ ತಿರುಗಿದರೆ ಅದು ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಅಥವಾ ಅವುಗಳ ದಪ್ಪ ಕೇಬಲ್‌ನ ತೊಂದರೆ. ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ಚುರುಕಾಗಿ ತಿರುಗುತ್ತದೆ, ಆದರೆ ಹಿಡಿಯುವುದಕ್ಕೆ ಐದಾರು ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂದರೆ ಆಗ ಪೆಟ್ರೋಲ್ ಕಡೆ ತಿರುಗಬೇಕು.

ಬ್ಯಾಟರಿ ಸರಿಯಿದ್ದರೆ ರಾತ್ರಿ ನಿಂತ ಮೇಲೂ 12.6 ವೋಲ್ಟ್ ಹತ್ತಿರ ಇರುತ್ತದೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇಳಿದರೆ ಟರ್ಮಿನಲ್ ಉಜ್ಜಿ, ಚಾರ್ಜ್ ಮಾಡಿಸಿ, ಆಮೇಲೆ ಉಳಿದದ್ದು.

ಮೂರು ಸಲ ಕೀ

ಬೆಳಿಗ್ಗೆ ಕಾರು ತಣ್ಣಗಿರುವಾಗ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ ‘ಗುಂಯ್’ ಎಂದು ಸದ್ದು ಬಂದು ನಿಲ್ಲಬೇಕು. ಅದು ಪಂಪ್ ಲೈನಿಗೆ ಪ್ರೆಶರ್ ತುಂಬುವ ಸದ್ದು. ಕೆಲವು ಹಳೆಯ ಕಾರುಗಳಲ್ಲಿ ಎಂಜಿನ್ ತಿರುಗಿದಾಗ ಮಾತ್ರ ಪಂಪ್ ಓಡುತ್ತದೆ, ಅಂಥವುಗಳಲ್ಲಿ ಸದ್ದು ಬರಲಿಲ್ಲ ಎಂದು ಗಾಬರಿ ಬೇಡ. ಉಳಿದವರು ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್) ನೋಡಿ.

ಸದ್ದು ಬಂತಲ್ವಾ? ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ ಲೈನಿನಲ್ಲಿ ಪ್ರೆಶರ್ ಸಾಲುತ್ತಿರಲಿಲ್ಲ ಎಂದು ಅರ್ಥ. ಇಲ್ಲಿಗೇ ‘ಪಂಪ್ ಹೋಗಿದೆ’ ಎಂದು ನಿಲ್ಲಿಸಿಬಿಡುವುದೇ ದೊಡ್ಡ ತಪ್ಪು. ಪ್ರೆಶರ್ ಸಾಲದಿರುವುದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು: ತುಂಬಿದ್ದು ರಾತ್ರಿ ಸೋರಿಹೋಗುತ್ತಿರಬಹುದು, ಇಲ್ಲವೇ ಸೆಲ್ಫ್ ಹೊಡೆಯುವ ಹೊತ್ತಿಗೆ ಪಂಪಿಗೆ ಕರೆಂಟ್ ಸಾಲುತ್ತಿಲ್ಲದಿರಬಹುದು. ಎರಡನ್ನೂ ಅಳತೆ ಮಾಡಿಯೇ ತಿಳಿಯಬೇಕು.

ಸೋರಿಕೆ ಎಲ್ಲಿ?

ಇದಕ್ಕೆ ಪ್ರೆಶರ್ ಗೇಜ್ ಬೇಕು. ಗೇಜ್ ಇಲ್ಲದೆ ಪೈಪ್ ಬಿಚ್ಚಿ ಪೆಟ್ರೋಲ್ ಚಿಮ್ಮುವುದನ್ನು ನೋಡಿ ‘ಪ್ರೆಶರ್ ಚೆನ್ನಾಗಿದೆ’ ಅನ್ನುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 1 ಬಾರ್‌ನಲ್ಲೂ ಚಿಮ್ಮುತ್ತದೆ, 3 ಬಾರ್‌ನಲ್ಲೂ ಚಿಮ್ಮುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಬಿಸಿ ಎಂಜಿನ್ ಮೇಲೆ ಬಿದ್ದರೆ ಬೆಂಕಿ ಬೇರೆ.

ಗೇಜ್ ಹಾಕುವ ಮುಂಚೆ ಎಂಜಿನ್ ಓಡುತ್ತಿರುವಾಗಲೇ ಪಂಪಿನ ರಿಲೇ ಅಥವಾ ಫ್ಯೂಸ್ ಕೀಳಿ. ಲೈನಿನ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುತ್ತದೆ. ಎಂಜಿನ್ ತಣ್ಣಗಾಗಲಿ. ಆಮೇಲೆ ಬ್ಯಾಟರಿಯ ಮೈನಸ್ ತೆಗೆದು, ಪೈಪ್ ಸುತ್ತ ಬಟ್ಟೆ ಹಿಡಿದು ಬಿಚ್ಚಿ. ಬಯಲಲ್ಲೇ ಮಾಡಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಟಿ ಆಕಾರದ ಜಾಯಿಂಟ್ ಹಾಕಿ ಗೇಜ್ ಕೂರಿಸಿ, ರಿಲೇ ಮತ್ತು ಬ್ಯಾಟರಿ ವಾಪಸ್ ಜೋಡಿಸಿ, ಸ್ಟಾರ್ಟ್ ಮಾಡಿ. ಸಾಮಾನ್ಯ ಇಂಜೆಕ್ಷನ್ ಕಾರುಗಳಲ್ಲಿ 2.5ರಿಂದ 4 ಬಾರ್ ಒಳಗೆ ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ.

ಈಗ ಎಂಜಿನ್ ಆಫ್ ಮಾಡಿ ಮುಳ್ಳನ್ನೇ ನೋಡುತ್ತಾ ಕೂತುಕೊಳ್ಳಿ. ಆರೋಗ್ಯವಾಗಿರುವ ಕಾರಿನಲ್ಲಿ ಹತ್ತು ನಿಮಿಷ ಕಳೆದರೂ ಹೆಚ್ಚು ಇಳಿಯುವುದಿಲ್ಲ. ಕಣ್ಣೆದುರೇ ಸರಸರ ಸೊನ್ನೆಗೆ ಬಂದರೆ ಸೋರಿಕೆ ಖಚಿತ. ಜಾಗ ಹುಡುಕುವುದು ಹೀಗೆ: ಮತ್ತೆ ಪ್ರೆಶರ್ ತುಂಬಿಸಿ, ಆಫ್ ಮಾಡಿದ ಕೂಡಲೇ ಟ್ಯಾಂಕಿನಿಂದ ಗೇಜಿಗೆ ಬರುವ ರಬ್ಬರ್ ಪೈಪನ್ನು ನಯವಾದ ಬಾಯಿಯ ಕ್ಲ್ಯಾಂಪಿನಿಂದ ಒತ್ತಿ ಹಿಡಿಯಿರಿ. ಮುಳ್ಳು ನಿಂತರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಅಥವಾ ಟ್ಯಾಂಕಿನೊಳಗಿನ ಪೈಪ್ ಹಾಳಾಗಿದೆ. ನಿಲ್ಲದಿದ್ದರೆ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪ್ ಒತ್ತಿ. ಈಗ ನಿಂತರೆ ತೊಂದರೆ ಲೈನಿನ ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರಿನದು. ಎರಡನ್ನೂ ಒತ್ತಿದರೂ ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿ ಇಲ್ಲ ಅಂದರೆ ಇಂಜೆಕ್ಟರ್ ಒಳಗೆ ತೊಟ್ಟಿಕ್ಕುತ್ತಿದೆ. ಅಂಥ ಕಾರು ಬೆಳಿಗ್ಗೆ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಜೊತೆಗೆ ಸ್ಟಾರ್ಟ್ ಆಗುವುದೂ ಉಂಟು. ಪ್ಲಾಸ್ಟಿಕ್ ಪೈಪನ್ನು ಮಾತ್ರ ಒತ್ತಬೇಡಿ, ಬಿರುಕು ಬಿಡುತ್ತದೆ. ರಬ್ಬರ್ ಗಟ್ಟಿಯಾಗಿ ಒಣಗಿದ್ದರೆ ಅದನ್ನೂ ಒತ್ತದೆ ಮೊದಲು ಬದಲಿಸಿ.

ರೆಗ್ಯುಲೇಟರಿಗೆ ಇನ್ನೊಂದು ಸುಲಭದ ಗುರುತಿದೆ. ಅದರ ಮೇಲಿನ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿ. ಒಳಗೆ ಪೆಟ್ರೋಲ್ ಒದ್ದೆ ಇದ್ದರೆ ಡಯಾಫ್ರಮ್, ಅಂದರೆ ರೆಗ್ಯುಲೇಟರ್ ಒಳಗಿನ ಪೊರೆ, ಹರಿದಿದೆ.

ಆ ಸ್ಕ್ರೂ

ಮುಳ್ಳು ಚೆನ್ನಾಗಿ ನಿಂತಿದೆ, ಆದರೂ ಸ್ಟಾರ್ಟ್ ತಡ. ಸ್ನೇಹಿತರ ಕಾರು ಹೀಗೇ ಇತ್ತು. ಮೆಕ್ಯಾನಿಕ್ ಪಂಪಿನ ಪ್ಲಗ್ ಕಿತ್ತು ಮೀಟರ್ ಹಿಡಿದಿದ್ದರು, 12 ವೋಲ್ಟ್ ತೋರಿಸಿತ್ತು, ‘ಕರೆಂಟ್ ಬರ್ತಿದೆ’ ಅಂದಿದ್ದರು. ಪ್ಲಗ್ ಕಿತ್ತಾಗ ಪಂಪ್ ಕರೆಂಟ್ ಎಳೆಯುವುದೇ ಇಲ್ಲ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಪ್ಲಗ್ ಹಾಕಿಟ್ಟು, ಪಂಪ್ ಓಡುತ್ತಿರುವಾಗಲೇ ಅಳೆಯಬೇಕು.

ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಪ್ಲಗ್ಗಿನ ಹಿಂಬದಿಯಿಂದ ಪಂಪಿನ ಅರ್ತಿಂಗ್ ವೈರಿಗೆ. 0.2 ವೋಲ್ಟ್ ಒಳಗೆ ಬಂದರೆ ಸರಿ. ಆ ಕಾರಿನಲ್ಲಿ ಸುಮಾರು 2 ವೋಲ್ಟ್ ಬಂತು. ಕಾರ್ಪೆಟ್ ಎತ್ತಿದೆವು. ಅರ್ತಿಂಗ್ ಸ್ಕ್ರೂ ಸುತ್ತ ತುಕ್ಕು, ವೈರಿನ ತುದಿಯ ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಅಂಟಿತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ 10 ವೋಲ್ಟ್‌ಗೆ ಇಳಿಯುತ್ತದೆ, ಅದರಲ್ಲಿ 2 ಇಲ್ಲೇ ಹೋದರೆ ಪಂಪಿಗೆ ಸಿಗುವುದು 8. ಸ್ಟಾರ್ಟ್ ಆದ ಮೇಲೆ ಆಲ್ಟರ್ನೇಟರ್ 14 ಕೊಡುತ್ತದೆ, ಪಂಪಿಗೆ 12 ಸಿಗುತ್ತದೆ, ಎಲ್ಲವೂ ಸರಿಯಾಗಿ ಕಾಣುತ್ತದೆ! ಹೊಸ ಪಂಪ್ ಹಾಕುವಾಗ ವೈರ್ ಅಲುಗಾಡಿ ಒಂದಷ್ಟು ದಿನ ಹಿಡಿದುಕೊಳ್ಳುತ್ತಿತ್ತು, ಅಷ್ಟೇ. ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಸ್ಕ್ರೂಗೆ ಸಿಗಿಸುವ ಲೋಹದ ತುಂಡು) ಹಾಕಿ ಬಿಗಿ ಮಾಡಿದೆವು. ಮಾರನೇ ಬೆಳಿಗ್ಗೆ ಅರ್ಧ ಸುತ್ತಿಗೆ ಎಂಜಿನ್ ಹಿಡಿಯಿತು.

ಪ್ಲಸ್ ಕಡೆಯೂ ಹೀಗೇ ಅಳೆಯಿರಿ: ಬ್ಯಾಟರಿಯ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ರಿಲೇ ಮತ್ತು ಜಾಯಿಂಟುಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಪೆಟ್ರೋಲ್ ವಾಸನೆ ಬರುತ್ತಿರುವ ಕಡೆ ಮಾತ್ರ ಈ ಕೆಲಸ ಬೇಡ, ಒಂದು ಕಿಡಿ ಸಾಕು.

ಪಂಪೇ ಹೋಗಿದ್ದರೆ

ಕರೆಂಟ್ ಸರಿ, ಫಿಲ್ಟರ್ ಹೊಸದು, ಆದರೂ ಪ್ರೆಶರ್ ಏರುತ್ತಿಲ್ಲ ಅಂದರೆ ಬದಲಿಸಿ. ಟ್ಯಾಂಕಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಪಂಪ್ ಓಡಿದರೆ ಒಳಗಿನ ಬ್ರಷ್ ಸವೆದಿದೆ. ಮನೆ ತಲುಪಲು ಆ ಉಪಾಯ ಸಾಕು, ದಿನಾ ತಟ್ಟಿಕೊಂಡು ಓಡಿಸಲು ಅಲ್ಲ. ಹೆಸರಿಲ್ಲದ ಡಬ್ಬಿಯ ಅಗ್ಗದ ಪಂಪ್ ಬೇಡವೇ ಬೇಡ. ಅವುಗಳ ಚೆಕ್ ವಾಲ್ವ್ ಹೊಸದರಲ್ಲೇ ಸೋರುವುದನ್ನು ಗೇಜಿನಲ್ಲಿ ನೋಡಿದ್ದೇನೆ. ಪಂಪಿನ ತುದಿಯ ಜಾಲರಿಯನ್ನೂ ಜೊತೆಗೇ ಬದಲಿಸಿ. ಪಂಪಿಗೆ ತಂಪು ಸಿಗುವುದೇ ಪೆಟ್ರೋಲಿನಿಂದ, ಆದ್ದರಿಂದ ಕಾಲು ಟ್ಯಾಂಕ್‌ಗಿಂತ ಕೆಳಗೆ ಇಳಿಸುವ ಅಭ್ಯಾಸ ಬಿಡಿ.

ಪ್ರೆಶರ್ ಪೂರ್ತಿ ಸರಿ ಇದ್ದೂ ತಣ್ಣಗಿರುವಾಗ ಮಾತ್ರ ತೊಂದರೆಯಾದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ನೋಡಿ. ಸ್ಟಾರ್ಟಿಂಗ್ ಸ್ಪ್ರೇ ನನಗೆ ಇಷ್ಟವಿಲ್ಲ, ದೋಷ ಮುಚ್ಚಿಹೋಗುತ್ತದೆ. ಗ್ಲೋ ಪ್ಲಗ್ (ತಣ್ಣಗಿರುವ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಪ್ಲಗ್) ಇರುವ ಡೀಸೆಲ್ ಎಂಜಿನ್ನಿಗಂತೂ ಹೊಡೆಯಲೇಬಾರದು, ಪಿಸ್ಟನ್ ಒಡೆಯಬಹುದು.

ಕಾರ್ಬ್ಯುರೇಟರ್ ಕಾರಿನವರು: ಒಂದು ವಾರ ನಿಂತ ಕಾರಿನಲ್ಲಿ ಕಾರ್ಬ್ಯುರೇಟರಿನ ಬೌಲ್‌ನ ಪೆಟ್ರೋಲ್ ಆರಿಹೋಗುತ್ತದೆ, ಆಗ ಸ್ವಲ್ಪ ಹೊತ್ತು ಸೆಲ್ಫ್ ಬೇಕಾಗುವುದು ಸಹಜ. ಚೋಕ್ ಪೂರ್ತಿ ಮುಚ್ಚುತ್ತಿದೆಯೇ ನೋಡಿ. ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ, ಪಂಪ್ ಮತ್ತು ಆಯಿಲ್ ಎರಡನ್ನೂ ಬದಲಿಸುವ ತನಕ ಆ ಕಾರನ್ನು ಓಡಿಸಬೇಡಿ.