ಹರಟೆ: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಬಿಡುವಾಗಿ ಕೂತು, ಯಾವ ತೀರ್ಮಾನಕ್ಕೂ ಬರಬೇಕೆಂಬ ಹಂಗಿಲ್ಲದೆ ಆಡುವ ಮಾತು ಹರಟೆ. ಅರ್ಥ ಇಷ್ಟೇ. ಆದರೆ ಬಳಸಲು ಹೊರಟಾಗ ಇಷ್ಟು ಸಾಲದು, ಏಕೆಂದರೆ ಈ ಪದ ಒಂದು ಕಡೆ ಅಕ್ಕರೆಯಾಗಿ ಕೇಳಿದರೆ ಇನ್ನೊಂದು ಕಡೆ ಬೈಗುಳವಾಗಿ ಕೇಳುತ್ತದೆ. ಯಾರ ಮಾತನ್ನು ಯಾರು ಹರಟೆ ಎನ್ನುತ್ತಿದ್ದಾರೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

"ನಿನ್ನೆ ರಾತ್ರಿ 11 ಗಂಟೆವರೆಗೂ ಹರಟೆ ಹೊಡೀತಾ ಕೂತಿದ್ವಿ" ಎಂದಾಗ ಅದರಲ್ಲಿ ಸಂತೋಷವಿದೆ. "ಕೆಲಸ ಬಿಟ್ಟು ಹರಟೆ ಹೊಡೀತಾ ಕೂತಿದ್ದಾರೆ" ಎಂದರೆ ದೂರು. ಕ್ರಿಯಾಪದ ಒಂದೇ, ಬದಲಾಗಿದ್ದು ಕರ್ತೃ ಮಾತ್ರ. ನೀವೂ ಸೇರಿದ್ದ ಮಾತಿಗೆ ಹರಟೆ ಎಂದು ಧಾರಾಳವಾಗಿ ಹೇಳಬಹುದು. ನೀವಿಲ್ಲದ ಮಾತಿಗೆ ಹಾಗೆಂದರೆ ಅವರು ಹೊತ್ತು ಹಾಳುಮಾಡುತ್ತಿದ್ದಾರೆ ಎಂದಂತಾಗುತ್ತದೆ. ಬಹುವಚನ ಹಾಕಿದರೂ ಇದು ಸರಿಹೋಗುವುದಿಲ್ಲ. "ನೀವು ಹರಟೆ ಹೊಡೀತಾ ಇದ್ರಿ, ಅದಕ್ಕೇ ಒಳಗೆ ಬರಲಿಲ್ಲ" ಎಂದು ಹಿರಿಯರಿಗೆ ಹೇಳಿ ನೋಡಿ, ಮುಖ ಸಣ್ಣದಾಗುತ್ತದೆ. "ನೀವು ಏನೋ ಮಾತಾಡ್ತಾ ಇದ್ರಿ" ಎಂದರೆ ಸಾಕು.

ಇನ್ನು ಜೊತೆಗೆ ಬರುವ ಕ್ರಿಯಾಪದ. ಹೊಸದಾಗಿ ಕನ್ನಡ ಕಲಿಯುವವರು, ಅನುವಾದ ಮಾಡುವವರು "ಹರಟೆ ಮಾಡಿದೆವು" ಎಂದು ಬರೆಯುತ್ತಾರೆ. ಅರ್ಥವಾಗುತ್ತದೆ, ಆದರೆ ಕನ್ನಡದ ಕಿವಿಗೆ ಹೊಂದುವುದಿಲ್ಲ. ಹರಟೆಯನ್ನು ಹೊಡೆಯುತ್ತೇವೆ, ಕೊಚ್ಚುತ್ತೇವೆ, ಹರಟೆಗೆ ಕೂರುತ್ತೇವೆ, ಇಳಿಯುತ್ತೇವೆ, ಹರಟೆಯಲ್ಲಿ ಮುಳುಗುತ್ತೇವೆ. ಇವುಗಳಲ್ಲಿ "ಹೊಡೆ" ಎಲ್ಲಕ್ಕಿಂತ ಸಾಮಾನ್ಯ. "ಕೊಚ್ಚು" ಬಂದರೆ ಮಾತು ಉದ್ದವಾಯಿತು, ಹುರುಳಿಲ್ಲದ್ದಾಯಿತು ಎಂಬ ಅಸಮಾಧಾನ ಸೇರಿಕೊಳ್ಳುತ್ತದೆ. ಬಡಾಯಿಯನ್ನೂ ನಾವು ಕೊಚ್ಚುವುದೇ ತಾನೆ! "ಮುಳುಗು" ತಟಸ್ಥ, ಬರವಣಿಗೆಗೆ ಹೆಚ್ಚು ಒಪ್ಪುತ್ತದೆ.

ಬರೆಯುವಾಗ ಇಲ್ಲೇ ಒಂದು ತಪ್ಪು ನುಸುಳುತ್ತದೆ. ಹಲವರ ಆಡುಮಾತಿನಲ್ಲಿ ಹಕಾರ ಬಿದ್ದುಹೋಗಿ "ಅರಟೆ ಒಡೀತಾ" ಎಂದು ಕೇಳಿಸುತ್ತದೆ. ಮಾತಿನಲ್ಲಿ ಅದು ತಪ್ಪೇನಲ್ಲ, ಆದರೆ ಬರಹದಲ್ಲಿ "ಹರಟೆ ಒಡೆದರು" ಎಂದಾದರೆ ಹರಟೆಯನ್ನು ಚೂರು ಮಾಡಿದರು ಎಂದಾಗುತ್ತದೆ. ಹೊಡೆ ಬೇರೆ, ಒಡೆ ಬೇರೆ.

ಹರಟೆಗೆ ಇಬ್ಬರಾದರೂ ಬೇಕು, ಹಾಗಾಗಿ ಇನ್ನೊಬ್ಬರು "ಜೊತೆ" ಅಥವಾ "ಸಂಗಡ" ಎಂಬ ಪದದೊಂದಿಗೆ ಬರುತ್ತಾರೆ: "ಪಕ್ಕದ ಮನೆಯವರ ಜೊತೆ ಹರಟೆ ಹೊಡೆದೆ". "ಅವರಿಗೆ ಹರಟೆ ಹೊಡೆದೆ" ಎನ್ನುವಂತಿಲ್ಲ, ಅದು "ಹೇಳು" ಎಂಬ ಕ್ರಿಯಾಪದದ ದಾರಿ. ವಿಷಯವನ್ನು ಹೇಳಬೇಕಾದರೆ "ಬಗ್ಗೆ" ಸೇರಿಸಿ: "ಕ್ರಿಕೆಟ್ ಬಗ್ಗೆ ಹರಟೆ ಹೊಡೆದೆವು". "ಹರಟು" ಎಂಬ ಬರಿಯ ಕ್ರಿಯಾಪದವೂ ಇದೆಯಲ್ಲ, ಅದರ ಸ್ವಭಾವ ಬೇರೆ. ಅದಕ್ಕೆ ಜೊತೆಗಾರರು ಬೇಕಿಲ್ಲ. "ಒಂದೇ ಸಮನೆ ಹರಟುತ್ತಾನೆ" ಎಂದರೆ ಕೇಳುವವರಿಗೆ ಸಾಕಾಗಿದೆ, ಆದರೂ ಆತ ನಿಲ್ಲಿಸುತ್ತಿಲ್ಲ. ಆದ್ದರಿಂದ ಇಬ್ಬರೂ ಸುಖವಾಗಿ ಮಾತಾಡಿದ ಸಂದರ್ಭಕ್ಕೆ "ಹರಟೆ ಹೊಡೆ", ಒಬ್ಬನೇ ಗಳಹುತ್ತಿದ್ದರೆ "ಹರಟು". "ನಾವು ಹರಟುತ್ತ ಕುಳಿತಿದ್ದೆವು" ಎಂದು ಬರೆಯುವುದುಂಟು, ಅಲ್ಲಿ "ನಾವು" ಇರುವುದರಿಂದ ಕಟುತನ ಕಡಿಮೆಯಾಗುತ್ತದೆ.

ಯಾರನ್ನೋ ನೋಡಿ, ಕ್ಷೇಮ ವಿಚಾರಿಸಿ, ಒಂದಷ್ಟು ಹೊತ್ತು ಕೂತು ಬರುವುದಕ್ಕೆ ಹರಟೆ ಸಲ್ಲದು. ಅದಕ್ಕೆ ಕನ್ನಡದಲ್ಲಿ "ಮಾತಾಡಿಸು" ಇದೆ. ಇದು ನಮ್ಮ ಮಟ್ಟಿಗೆ ಹರಟೆಗಿಂತಲೂ ಮುಖ್ಯವಾದ ಪದ, ಏಕೆಂದರೆ ಸಂಬಂಧಗಳ ಲೆಕ್ಕವೆಲ್ಲ ಇದರಲ್ಲೇ ನಡೆಯುತ್ತದೆ. "ದೊಡ್ಡಪ್ಪನನ್ನು ಮಾತಾಡಿಸಿಕೊಂಡು ಬಾ" ಎಂದರೆ ಹೋಗಿ, ಮುಖ ತೋರಿಸಿ, ನಾಲ್ಕು ಮಾತಾಡಿ ಬಾ ಎಂದರ್ಥ. "ಎದುರಿಗೇ ಬಂದ, ಮಾತಾಡಿಸಲೇ ಇಲ್ಲ" ಎಂದರೆ ಮನಸ್ಸಿಗೆ ನೋವಾಗಿದೆ. ಗಮನಿಸಿ, ಇಲ್ಲಿ ದ್ವಿತೀಯಾ ವಿಭಕ್ತಿ ಬೇಕು: ಅವರನ್ನು ಮಾತಾಡಿಸಿದೆ, ಅವರ ಜೊತೆ ಹರಟೆ ಹೊಡೆದೆ. ಆಸ್ಪತ್ರೆಯಲ್ಲಿರುವವರನ್ನು, ಸಾವಾದ ಮನೆಯವರನ್ನು ಮಾತಾಡಿಸಿಕೊಂಡು ಬರುತ್ತೇವೆ. ಅಲ್ಲಿ ಎಷ್ಟೇ ಹೊತ್ತು ಕೂತಿದ್ದರೂ, ನಡುವೆ ನಗು ಬಂದಿದ್ದರೂ "ಹರಟೆ ಹೊಡೆದು ಬಂದೆವು" ಎನ್ನಬಾರದು.

ಹಿರಿಯರ ಮನೆಗೆ ಸುಮ್ಮನೆ ಹೋದಾಗ ಬಾಗಿಲಲ್ಲಿ ಏನು ಹೇಳಬೇಕು? "ಒಂದು ಮಾತು ಹೇಳಬೇಕಿತ್ತು" ಎಂದು ಶುರುಮಾಡಿದರೆ ಅವರು ಗಾಬರಿಯಾಗುತ್ತಾರೆ. ಸಾಲವೋ, ಜಗಳವೋ, ಮದುವೆಯೋ ಎಂದು ಮನಸ್ಸು ಓಡುತ್ತದೆ. "ಸುಮ್ನೆ, ನಿಮ್ಮನ್ನ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ" ಎನ್ನಿ. ಆ "ಸುಮ್ನೆ" ಅರ್ಧ ಕೆಲಸ ಮಾಡುತ್ತದೆ.

ಸುತ್ತಮುತ್ತಲ ಪದಗಳನ್ನು ಅದಲುಬದಲು ಮಾಡುವುದರಿಂದಲೂ ಎಡವಟ್ಟಾಗುತ್ತದೆ. "ಮಾತುಕತೆ" ನೋಡಲು ಹಗುರ, ಆದರೆ ಶಾಂತಿ ಮಾತುಕತೆ, ಮದುವೆ ಮಾತುಕತೆ ಎಂದಾಗ ಅಲ್ಲಿ ತೀರ್ಮಾನವೊಂದು ಕಾದಿರುತ್ತದೆ. ಪತ್ರಿಕೆಯಲ್ಲಿ "ಮಾತುಕತೆ ವಿಫಲ" ಎಂದು ಬರಬಹುದು, ಹರಟೆ ವಿಫಲವಾಗುವುದೇ ಇಲ್ಲ. "ಸಂಭಾಷಣೆ" ಪಠ್ಯಪುಸ್ತಕಕ್ಕೂ ಸಿನಿಮಾಕ್ಕೂ ಸೇರಿದ್ದು. ಮನೆಯಲ್ಲಿ "ಸಂಭಾಷಣೆ ನಡೆಸಿದೆವು" ಎಂದರೆ ನಾಟಕದಂತೆ ಕೇಳುತ್ತದೆ. "ಚರ್ಚೆ"ಯಲ್ಲಿ ವಾದ, ಪ್ರತಿವಾದ ಇರಬೇಕು. "ಲೋಕಾಭಿರಾಮ" ಮಾತ್ರ ಹರಟೆಗೆ ನಿಜವಾಗಿ ಹತ್ತಿರದ್ದು, ಮರ್ಯಾದೆಯೂ ಇದೆ. "ಲೋಕಾಭಿರಾಮವಾಗಿ ಮಾತಾಡುತ್ತ ಕುಳಿತಿದ್ದರು" ಎಂದು ಅತಿ ಹಿರಿಯರ ಬಗ್ಗೆಯೂ ಬರೆಯಬಹುದು. ಹರಟೆ ಎನ್ನಲು ಮನಸ್ಸು ಹಿಂಜರಿದ ಕಡೆಯೆಲ್ಲ ಇದನ್ನು ಹಾಕಿ. ಇನ್ನು ಗಾಳಿಮಾತು, ಚಾಡಿ ಇವು ಹರಟೆಯಲ್ಲ. ಅಲ್ಲಿಲ್ಲದವರಿಗೆ ಕೆಡುಕಾಗುವಂತೆ ಮಾತು ತಿರುಗಿದರೆ ಅದನ್ನು ಹರಟೆ ಎಂದು ಕರೆದು ಹಗುರ ಮಾಡುವುದು ಸರಿಯಲ್ಲ.

ಕರಾವಳಿಯಲ್ಲಿ ಇದೇ ಕೆಲಸಕ್ಕೆ "ಪಟ್ಟಾಂಗ" ಎನ್ನುತ್ತಾರೆ. ಅದನ್ನೂ ಹೊಡೆಯುವುದೇ. ಉತ್ತರ ಕರ್ನಾಟಕದ ಬಾಯಲ್ಲಿ ಕೊನೆಯ ಎಕಾರ ಇಕಾರವಾಗಿ "ಹರಟಿ" ಆಗುತ್ತದೆ. ಸಂಭಾಷಣೆ ಬರೆಯುವಾಗ ಪಾತ್ರ ಯಾವ ಕಡೆಯದೋ ಆ ರೂಪವನ್ನೇ ಹಾಕಿ, ನಿರೂಪಣೆಯಲ್ಲಿ "ಹರಟೆ" ಇರಲಿ.

ಪದದ ಮುಂದೆ, ಹಿಂದೆ ಬಂದು ಸೇರುವವೂ ಇವೆ. ಕಾಡುಹರಟೆ, ಒಣಹರಟೆ ಎಂದರೆ ಬೈಗುಳವೇ, ಅನುಮಾನ ಬೇಡ. "ಹರಟೆಮಲ್ಲ" ಸಲುಗೆಯ ಛೇಡಿಕೆ; ಸಮವಯಸ್ಕರಿಗೆ ಹೇಳಬಹುದು, ಮಾವನಿಗೆ ಹೇಳಬಾರದು. "ಮಾತಿನಮಲ್ಲ" ಎಂದರೆ ಮೆಚ್ಚುಗೆಯೂ ಆಗಬಹುದು, ಮಾತಿನ ಚಾತುರ್ಯವನ್ನು ಒಪ್ಪಿಕೊಂಡಂತೆ. ಪ್ರತಿಧ್ವನಿ ಪದ "ಹರಟೆ ಗಿರಟೆ" ಬಂದರೆ ಅದನ್ನು ಬದಿಗಿಡುವ ಸಮಯ ಬಂದಿದೆ: "ಹರಟೆ ಗಿರಟೆ ಎಲ್ಲ ಆಮೇಲೆ, ಮೊದಲು ಊಟಕ್ಕೆ ಏಳಿ".

ಮೊಬೈಲ್, ಕಂಪ್ಯೂಟರ್‌ಗಳಿಗೆ ಕನ್ನಡ ಬರೆಯುವವರು "ಚಾಟ್" ಇದ್ದಲ್ಲೆಲ್ಲ ಹರಟೆ ಎಂದು ಹಾಕುವ ಮೊದಲು ಅಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಗೆಳೆಯರ ಗುಂಪಿಗೆ ಹರಟೆ ಚೆನ್ನಾಗಿ ಒಪ್ಪುತ್ತದೆ. ಹಣ ಕಟ್ ಆಗಿದೆ ಎಂದು ಬ್ಯಾಂಕಿನ ಸಹಾಯ ಕೇಳುವವರಿಗೆ "ನಮ್ಮೊಂದಿಗೆ ಹರಟೆ ಹೊಡೆಯಿರಿ" ಎಂದು ಕಂಡರೆ ಸಿಟ್ಟು ಬರುವುದು ಸಹಜ. ಅಲ್ಲಿ "ಚಾಟ್" ಎಂದೇ ಬಿಡಿ, ಇಲ್ಲವೇ "ನಮ್ಮೊಂದಿಗೆ ಮಾತಾಡಿ" ಎನ್ನಿ. ಕನ್ನಡ ವಿಕಿಪೀಡಿಯದಲ್ಲಿ ಲೇಖನದ ಬಗ್ಗೆ ಮಾತಾಡುವ ಜಾಗ "ಚರ್ಚೆಪುಟ", ಎಲ್ಲರೂ ಸೇರುವ ಜಾಗ "ಅರಳಿಕಟ್ಟೆ". ಕೆಲಸಕ್ಕೆ ತಕ್ಕ ಹೆಸರು ಎಂದರೆ ಹೀಗಿರಬೇಕು.

ಕೊನೆಗೆ ಬಹುವಚನ. ಮಾತಿನ ಅರ್ಥದಲ್ಲಿ ಹರಟೆ ಏಕವಚನದಲ್ಲೇ ಇರುತ್ತದೆ. ಎಷ್ಟು ದಿನ ಕೂತಿದ್ದರೂ "ದಿನಾ ಹರಟೆ". "ಹರಟೆಗಳು" ಎಂದು ಕಂಡರೆ ಅದು ಬಹುಮಟ್ಟಿಗೆ ಬರಹ, ಲಲಿತ ಪ್ರಬಂಧಕ್ಕೆ ಹತ್ತಿರದ ಹಗುರ ಬರವಣಿಗೆ. "ಅವರ ಹರಟೆಗಳನ್ನು ಓದಿದ್ದೇನೆ" ಸರಿ. "ಅವರ ಹರಟೆಗಳನ್ನು ಕೇಳಿದ್ದೇನೆ" ಎಂದು ಬರೆದಿದ್ದರೆ ರೇಡಿಯೋದಲ್ಲೋ ವೇದಿಕೆಯಲ್ಲೋ ಓದಿದ್ದನ್ನು ಕೇಳಿದ್ದೀರಾ, ಜಗುಲಿಯಲ್ಲಿ ಆಡಿದ್ದನ್ನು ಕೇಳಿದ್ದೀರಾ ಎಂದು ಇನ್ನೊಂದು ಮಾತಿನಲ್ಲಿ ಬಿಡಿಸಿ ಹೇಳಿ.